ತಮ್ಮನ ಶ್ವಾಸಕೋಶದಾಗ ಎವಿಎಂ: ಎದಿ ಆಪರೇಷನ್ನೋ, ತೊಡಿಯಿಂದ ಕಾಯಿಲ್ಲೋ?

ಪ್ರಶ್ನೆ (ಸಿಂಧನೂರು): ನಮಸ್ಕಾರ್ರೀ ಡಾಕ್ಟ್ರೇ. ನಮ್ಮ ತಮ್ಮಗ 26 ವರ್ಷ, ರೈಸ್ ಮಿಲ್ಲಿನ್ಯಾಗ ಹಮಾಲಿ. ಚೀಲ ಹೊತ್ರ ದಮ್ಮು ಹತ್ತತೈತಿ, ಉಗುರು ನೀಲಿ ಆಗ್ಯಾವ. ಬೆರಳಿಗೆ ಹಾಕೋ ಮಿಷಿನ್ನಾಗ ಆಕ್ಸಿಜನ್ 88 ತೋರಿಸ್ತೈತಿ. ಟಿಬಿ ಇಲ್ಲ ಅಂದ್ರು. ರಾಯಚೂರಾಗ ಸಿಟಿ ಸ್ಕ್ಯಾನ್ ಮಾಡಿಸಿದ್ರ ಬಲಗಡೆ ಕೆಳಗಿನ ಭಾಗದಾಗ ಎವಿಎಂ (ರಕ್ತನಾಳ ತಪ್ಪಾಗಿ ಕೂಡಿದ್ದು), ಅದಕ್ಕ ರಕ್ತ ತರೋ ನಾಳ 6 ಮಿ.ಮೀ. ಅಂತ ಬರದಾರ. ಒಬ್ರು ಎದಿ ಕೊಯ್ದು ಆ ಭಾಗ ತೆಗೀಬೇಕು ಅಂತಾರ, ಇನ್ನೊಬ್ರು ತೊಡಿಯಿಂದ ವೈರ್ ಹಾಕಿ ಮುಚ್ಚಬಹುದು ಅಂತಾರ. ಸುಗ್ಗಿ ಮುಗಿಸಿ ಹೋದ್ರ ನಡೀತೈತೇನ್ರೀ? ಅವಗೂ ನಮ್ಮವ್ವಗೂ ಮೊದಲಿಂದ ಮೂಗಿನ್ಯಾಗ ರಕ್ತ ಬರ್ತೈತಿ.

ಉತ್ತರ (ಎದೆಯ ಶಸ್ತ್ರಚಿಕಿತ್ಸಕ): ಸುಗ್ಗಿ ತನಕ ಕಾಯಬೇಡ್ರಿ.

ಶ್ವಾಸಕೋಶದ ಕೂದಲೆಳೆಯಂಥ ನಾಳಗಳಲ್ಲಿ ಹಾಯುವಾಗ ರಕ್ತಕ್ಕೆ ಆಕ್ಸಿಜನ್ ಸಿಗುತ್ತೆ. ಎವಿಎಂನಲ್ಲಿ ಅಪಧಮನಿ ನೇರವಾಗಿ ಅಭಿಧಮನಿಗೆ ಕೂಡಿರುತ್ತೆ, ಆಕ್ಸಿಜನ್ ಸಿಗದ ರಕ್ತವೇ ಮೈಗೆಲ್ಲ ಹೋಗುತ್ತೆ. ಮನೆಗೆ ಸಿಲಿಂಡರ್ ತಂದಿಟ್ಟರೂ ಇದು ಪೂರ್ತಿ ಸರಿಹೋಗಲ್ಲ. ನನಗೆ ದಮ್ಮಿಗಿಂತ ಹೆಚ್ಚಿನ ಭಯ ಮಿದುಳಿನದು. ಆ ಸಣ್ಣ ನಾಳಗಳು ಜರಡಿಯೂ ಹೌದು. ಅದನ್ನು ತಪ್ಪಿಸಿಕೊಂಡು ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು, ರೋಗಾಣು ಹೋದರೆ ಮಿದುಳಲ್ಲಿ ಕೀವು ಕಟ್ಟಬಹುದು. ನಾಳ 2-3 ಮಿ.ಮೀ. ಇದ್ದರೇ ಮುಚ್ಚಿಸಬೇಕು ಅಂತೀವಿ, ನಿಮ್ಮ ತಮ್ಮನದು 6.

ನಾನು ಕೊಯ್ಯುವ ಡಾಕ್ಟರೇ, ಆದರೂ ಮೊದಲು ಕಾಯಿಲ್ (ನಾಳ ಮುಚ್ಚುವ ಸಣ್ಣ ಲೋಹದ ಸುರುಳಿ) ಹಾಕಿಸ್ರಿ ಅಂತೀನಿ. 1940ರ ದಶಕದಲ್ಲಿ ಈ ರೋಗಕ್ಕೆ ಇಡೀ ಶ್ವಾಸಕೋಶವನ್ನೇ ತೆಗೆದಿದ್ದೂ ಉಂಟು. 1970ರ ದಶಕದಿಂದ ತೊಡೆಯ ಅಭಿಧಮನಿಯಿಂದ ಸಣ್ಣ ಕೊಳವೆ ತೂರಿಸಿ, ಹೃದಯದ ಬಲಭಾಗ ದಾಟಿ, ರಕ್ತ ತರುವ ನಾಳಕ್ಕೇ ಕಾಯಿಲ್ ಅಥವಾ ಪ್ಲಗ್ ಕೂರಿಸುವುದು ಬಂತು. ಎದೆ ತೆರೆಯುವ ಮಾತಿಲ್ಲ, ಒಳ್ಳೆಯ ಶ್ವಾಸಕೋಶ ಉಳಿಯುತ್ತೆ. ನಿಮ್ಮ ಮನೆಯವರಿಗೆ ಅದು ಉಳಿಯಲೇಬೇಕು, ಯಾಕಂದ್ರೆ ತಾಯಿ-ಮಗ ಇಬ್ಬರಿಗೂ ಮೂಗಿನ ರಕ್ತ ಅಂದರೆ ಎಚ್‌ಎಚ್‌ಟಿ ಎಂಬ, ರಕ್ತನಾಳಗಳು ತಪ್ಪಾಗಿ ಬೆಳೆಯುವ ವಂಶದ ಕಾಯಿಲೆಯ ಗುಮಾನಿ ಬಲವಾಗಿದೆ. ಅದರಲ್ಲಿ ಎವಿಎಂ ಒಂದೇ ಇರಬೇಕೆಂದಿಲ್ಲ, ಇನ್ನೊಂದು ಮುಂದೆ ದೊಡ್ಡದಾಗಬಹುದು.

ಆಪರೇಷನ್ ಬೇಕಾಗುವುದು ಎವಿಎಂ ಒಡೆದು ಎದೆಯೊಳಗೆ ರಕ್ತ ಸುರಿದು ನಿಲ್ಲದಿದ್ದಾಗ, ಕಾಯಿಲ್ ಕೂರಲು ಜಾಗ ಸಿಗದಿದ್ದಾಗ, ಮುಚ್ಚಿದ್ದು ಮತ್ತೆ ಮತ್ತೆ ತೆರೆದುಕೊಂಡಾಗ. ಆಗಲೂ ಆದಷ್ಟು ಸಣ್ಣ ತುಂಡನ್ನೇ ತೆಗೀತೀವಿ, ಅನುಕೂಲವಿದ್ದರೆ ಕ್ಯಾಮೆರಾದಿಂದ.

ಸಿಟಿಯ ಸಿಡಿಯನ್ನೇ ಒಯ್ಯಿರಿ, ಬರೀ ರಿಪೋರ್ಟ್ ಸಾಲದು. ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಸ್ಕ್ಯಾನ್ ನೋಡುತ್ತ ನಾಳದೊಳಗೆ ಕೊಳವೆ ತೂರಿಸುವ ಡಾಕ್ಟರ್) ಇರುವ ದೊಡ್ಡ ಆಸ್ಪತ್ರೆಯೇ ಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮೊದಲೇ ಮಾಡಿಸ್ರಿ. ಅಲ್ಲಿಯವರೆಗೆ ತಮ್ಮ ಚೀಲ ಹೊರುವುದು ಬೇಡ.

ಪ್ರಶ್ನೆ (ಅವರೇ): ಅವ್ವಗ ದಮ್ಮಿಲ್ಲ ಸರ್. ಅಕೀಗೂ ತೋರಿಸ್ಬೇಕಾ? ಮತ್ತ ತಮ್ಮಗ ಮುಂದಿನ ವಾರ ಹುಳುಕು ಹಲ್ಲು ಕೀಳಿಸೋದೈತಿ.

ಉತ್ತರ: ಅವ್ವನಿಗೂ ತೋರಿಸಲೇಬೇಕು, ನಿಮಗೂ. ದಮ್ಮಿಲ್ಲದೆಯೂ ಎವಿಎಂ ಇರಬಹುದು. ರಕ್ತದೊಳಗೆ ಸಣ್ಣ ಗುಳ್ಳೆ ಬಿಟ್ಟು ನೋಡುವ ಎಕೋ (ಹೃದಯದ ಸ್ಕ್ಯಾನ್) ಅಂತ ಕೇಳ್ರಿ, ಅದರಲ್ಲಿ ಸಂಶಯ ಬಂದರೆ ಸಿಟಿ. ತಮ್ಮನ ಹಲ್ಲು ಕೀಳುವ ಮುಂಚೆ ಆಂಟಿಬಯೋಟಿಕ್ ಕೊಡಬೇಕು, ದಂತವೈದ್ಯರಿಗೆ ಈ ಸಿಟಿ ರಿಪೋರ್ಟ್ ತೋರಿಸ್ರಿ. ಡ್ರಿಪ್ ಹಾಕುವಾಗಲೂ ಹೇಳ್ರಿ, ಪೈಪಿನಲ್ಲಿ ಗಾಳಿ ಹೋಗಬಾರದು. ಕಾಯಿಲ್ ಹಾಕಿದ 6-12 ತಿಂಗಳಿಗೆ ಮತ್ತೆ ಸಿಟಿ ಮಾಡಿಸ್ರಿ, ಆಮೇಲೆ ಕೆಲವು ವರ್ಷಕ್ಕೊಮ್ಮೆ. ಕೆಮ್ಮಿನಲ್ಲಿ ರಕ್ತ ಬಂದರೆ, ಮಾತು ತೊದಲಿದರೆ, ಜ್ವರದ ಜೊತೆ ತಲೆನೋವು ಜೋರಾದರೆ ಇಲ್ಲಿ ಕೇಳುತ್ತ ಕೂರಬೇಡ್ರಿ, 108ಕ್ಕೆ ಫೋನ್ ಮಾಡ್ರಿ.