ಎಂಟು ತಿಂಗಳ ಕೂಸು ಹಾಲಷ್ಟೇ ಕೇಳ್ತದ, ಊಟ ಒಲ್ಲೆ ಅಂತದ

ಕೂಸಿನವ್ವ, ಕಲಬುರಗಿ:
ಮಗಳಿಗಿ ಎಂಟು ತಿಂಗಳು. ದಿನಕ್ಕ ಏಳೆಂಟು ಸಲ ಎದಿಹಾಲು, ಮ್ಯಾಲ ಎರಡು ಬಾಟ್ಲಿ ಆಕಳ ಹಾಲು ನೀರು ಬೆರಸಿ. ಬ್ಯಾಳಿ ಕಟ್ಟು, ಅನ್ನದ ಗಂಜಿ ಎರಡು ಚಮಚ ಆಗೂದ್ರಾಗ ಬಾಯಿ ಮುಚ್ತಾಳ. ಎರಡು ತಿಂಗಳಿಂದ ತೂಕ 7 ಕೆಜಿ ಮ್ಯಾಲ ಏರವಲ್ದು. ಹಾಲು ಕಡಿಮಿ ಮಾಡ್ಬೇಕೇನ್ರಿ? ಊಟದ ಮೊದ್ಲು ಕೊಡ್ಬೇಕೋ, ಆಮ್ಯಾಲೋ?

ಬೀದರ್ ಓದುಗರು:
ಎದೆಹಾಲು ಕಡಿಮೆ ಮಾಡಬೇಡಿ, ಬಾಟಲಿ ಬಿಡಿಸಿ. ವರ್ಷ ತುಂಬುವ ತನಕ ಆಕಳು, ಎಮ್ಮೆ ಹಾಲು ಕುಡಿಯಲು ಬೇಡ. ಅದರಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. ಕೆಲವು ಮಕ್ಕಳಿಗೆ ಕರುಳಿನಿಂದ ಕಣ್ಣಿಗೆ ಕಾಣದಷ್ಟು ರಕ್ತವೂ ಹೋಗುತ್ತದೆ. ನೀರು ಬೆರೆಸಿದ ಮೇಲಂತೂ ಹೊಟ್ಟೆ ತುಂಬುವುದಷ್ಟೇ, ಶಕ್ತಿ ಇಲ್ಲ. ಊಟದ ಜೊತೆ ಎರಡು ಚಮಚ ಮೊಸರು ಕೊಡಬಹುದು.

ಬೇಳೆ ಕಟ್ಟಿನದೂ ಇದೇ ಕಥೆ. ಕೂಸಿನ ಹೊಟ್ಟೆ ಒಂದು ಕೆಜಿ ತೂಕಕ್ಕೆ ಸುಮಾರು 30 ಮಿಲಿ ಹಿಡಿಯುತ್ತದೆ. ನಿಮ್ಮ ಮಗಳಿಗೆ ಒಂದು ಸಲಕ್ಕೆ 200 ಮಿಲಿ ಚಿಲ್ಲರೆ. ಆ ಜಾಗ ತಿಳಿನೀರಿಗೆ ಹೋದರೆ ಉಳಿಯುವುದೇನು? ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಕೂಸಿಗೆ ಊಟದಿಂದ ದಿನಕ್ಕೆ ಸುಮಾರು 200 ಕ್ಯಾಲರಿ ಸಾಕು, 9 ತಿಂಗಳಿಂದ 300. ಈಗ ದಿನಕ್ಕೆ ಎರಡು ಮೂರು ಊಟ, ಎರಡು ಮೂರು ಚಮಚದಿಂದ ಹಿಡಿದು 250 ಮಿಲಿ ಬಟ್ಟಲಿನ ಅರ್ಧದ ತನಕ. ಒಂಬತ್ತರಿಂದ ಮೂರು ನಾಲ್ಕು ಊಟ.

ಅಡಿಗಿಮನಿ, ಕಲಬುರಗಿ:
ಅಕ್ಕಿ ನುಚ್ಚು 30 ಗ್ರಾಂ, ನಮ್ಮ ತೊಗರಿಬ್ಯಾಳಿ 15 ಗ್ರಾಂ, ಒಂದು ಚೂರು ಗಜ್ಜರಿ ಇಲ್ಲಾ ನಾಕು ಎಲಿ ಮೆಂತೆ. ನಾಕು ಪಟ್ಟು ನೀರು ಹಾಕಿ ಕುಕ್ಕರ್‌ನಾಗ ಐದು ಸೀಟಿ. ಸೌಟ್ಲೆ ಮಸದು ಒಂದು ಸಣ್ಣ ಚಮಚ ತುಪ್ಪ ಹಾಕ್ರಿ. ಹೆಚ್ಚುಕಡಿಮಿ 200 ಕ್ಯಾಲರಿ ಇದ್ರಾಗೇ ಬರ್ತದ, ಎರಡು ಊಟಕ್ಕ ಹಂಚ್ರಿ. ಉಳದದ್ದು ಬ್ಯಾಸಗಿದಾಗ ಹೊರಗ ಇಡಬ್ಯಾಡ್ರಿ, ಹಳಸ್ತದ.

ಚಮಚ ವಾರಿ ಮಾಡಿದ್ರ ಸುರಿಬಾರ್ದು, ಜಾರಿ ಬೀಳ್ಬೇಕು. ಆರಿದ ಮ್ಯಾಲ ಗಟ್ಟಿ ಆಗ್ತದಂತ ನೀರು ಸುರಿತೀವಲ್ಲ, ಅಲ್ಲೇ ಕೆಡತದ. ಹಿಂಡಿದ ಎದಿಹಾಲು ಎರಡು ಚಮಚ ಹಾಕಿ ಸಡಲ ಮಾಡ್ರಿ. ಬಿಸಿ ಜ್ವಾಳದ ರೊಟ್ಟಿನೂ ನಡಿತದ: ಉಬ್ಬಿದ ಪದರ ಮತ್ತ ಗಟ್ಟಿ ಅಂಚು ತಗದು, ಒಳಗಿನ ಮೆತ್ತನ್ನದು ಬ್ಯಾಳ್ಯಾಗ ನೆನಸಿ ಬೆರಳ್ಲೆ ಹಿಚುಕಿ ಕೊಡ್ರಿ. ಇಡೀ ಶೇಂಗಾ ಮಾತ್ರ ಬ್ಯಾಡ, ಗಂಟಲ್ದಾಗ ಸಿಗ್ತದ.

ಅಂಗನವಾಡಿ ಟೀಚರ್, ಯಾದಗಿರಿ:
ಹೊತ್ತಿನ ಮಾತು ಯಾರೂ ಹೇಳ್ಲಿಲ್ಲ. ಹಾಲು ಕುಡದು ಒಂದೂವರಿ ತಾಸಿನ ಮ್ಯಾಲ ಊಟ ಇಡ್ರಿ, ನಿದ್ದಿ ಮಾಡಿ ಎದ್ದಾಗ ಚಲೋ. ಊಟ ಆದಮ್ಯಾಲ ಎದಿಹಾಲು ಬೇಕಾದಷ್ಟು. ಹಸದು ಅಳಾಕತ್ರ ಮೊದ್ಲು ಸ್ವಲ್ಪ ಕುಡಿಸ್ರಿ, ಸಿಟ್ಟಿನಾಗ ಚಮಚ ಮುಟ್ಟಂಗಿಲ್ಲ. ಬಾಯಿ ಮುಚ್ಚಿದ್ರ ಮೂಗು ಹಿಡದು ತುರುಕಬ್ಯಾಡ್ರಿ, ಮರುದಿನ ಚಮಚ ನೋಡಿದ್ರನ ಮಾರಿ ತಿರುಗಸ್ತದ. ಕಾಸಿ ಆರಿಸಿದ ನೀರು ಊಟದ ಜೋಡಿ ಒಂದೆರಡು ಗುಟುಕು, ಮೊದ್ಲಲ್ಲ.

6 ತಿಂಗಳಿಂದ ಕಬ್ಬಿಣದ ಸಿರಪ್ ವಾರಕ್ಕ ಎರಡು ಸಲ, 1 ಮಿಲಿ. ಆಶಾ ಕಾರ್ಯಕರ್ತೆ ಹತ್ರ ಕೇಳ್ರಿ. ಹಾಲಿನ ಜೋಡಿ ಕೊಡಬ್ಯಾಡ್ರಿ, ಹಿಡಿಯಂಗಿಲ್ಲ. ಕಕ್ಕಸ ಕರಿ ಆದ್ರ ಅಂಜಬ್ಯಾಡ್ರಿ.

ತೂಕ ಎರಡು ತಿಂಗಳು ನಿಂತದ ಅಂದ್ರ ಊಟ ಬದಲಿಸಿ ಕಾಯ್ಕೋತ ಕೂಡೂದು ಬ್ಯಾಡ, ಇದೇ ವಾರ ತಾಯಿ ಕಾರ್ಡ್ ತಗೊಂಡು ಮಕ್ಕಳ ಡಾಕ್ಟರ್‌ಗಿ ತೋರಸ್ರಿ.

ಕೂಸಿನವ್ವ, ಕಲಬುರಗಿ:
ನಾಳೆನೇ ಹೋಗ್ತೀನ್ರಿ. ಉಪ್ಪು ಇಲ್ದ ಸಪ್ಪಗ ಹ್ಯಾಂಗ ತಿಂತದ ಅಂತ ಅತ್ತಿಯವರು ಕೇಳ್ತಾರ. ಜೇನುತುಪ್ಪ ನೆಕ್ಕಸ್ಲಾ?

ಅಡಿಗಿಮನಿ, ಕಲಬುರಗಿ:
ಸಪ್ಪಗ ಅನಸೂದು ನಮ್ಮ ನಾಲಿಗಿಗಿ ರೀ. ವರ್ಷದತನ ಉಪ್ಪು, ಸಕ್ರಿ, ಬೆಲ್ಲ ಬ್ಯಾಡ. ಜೇನುತುಪ್ಪಂತೂ ಒಂದು ಹನಿನೂ ಬ್ಯಾಡ, ಅದ್ರಾಗಿನ ಬ್ಯಾಕ್ಟೀರಿಯಾ ಕೂಸಿನ ಹೊಟ್ಯಾಗ ಬೆಳದು ನರಕ್ಕ ವಿಷ ಆಗ್ತದ. ರುಚಿ ಬೇಕಂದ್ರ ಚಿಟಿಕಿ ಜೀರಗಿಪುಡಿ, ನಾಕು ಹನಿ ಲಿಂಬಿರಸ ಹಾಕ್ರಿ; ಲಿಂಬಿಯಿಂದ ಕಬ್ಬಿಣನೂ ಚಲೋ ಹಿಡಿತದ. ಮನಿ ಬ್ಯಾಳಿಗಿ ಉಪ್ಪು ಖಾರ ಬೀಳೋ ಮೊದ್ಲೇ ಎರಡು ಸೌಟು ತಗದಿಟ್ರ ಬ್ಯಾರೆ ಅಡಿಗಿ ಮಾಡೂದೂ ತಪ್ತದ.