ಗಂಡುಮಕ್ಕಳಿಲ್ಲದ ಮನೆ, 24 ಸೆಂಟ್ಸ್ ಜಾಗ: ಫರಾಇಝ್, ಹಿಬಾ, ಸ್ಪೆಷಲ್ ಮ್ಯಾರೇಜ್ – ಯಾವುದರಲ್ಲಿ ಯಾರಿಗೆ ಎಷ್ಟು?

ಕುಂಬಳೆ ಕಡವು (ಪ್ರಶ್ನೆ)

ಅಸ್ಸಲಾಮು ಅಲೈಕುಂ, ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ವಕೀಲ ಸಿ. ಶುಕ್ಕೂರ್ ಮತ್ತು ಡಾ. ಶೀನಾ 1994ರಲ್ಲೇ ನಿಕಾಹ್ ಆದವರು. ಗಂಡುಮಕ್ಕಳಿಲ್ಲದಿದ್ದರೆ ಫರಾಇಝ್ (ಇಸ್ಲಾಮಿನ ಪಾಲಿನ ನಿಯಮ) ಪ್ರಕಾರ ಆಸ್ತಿಯ ಒಂದಂಶ ಒಡಹುಟ್ಟಿದವರಿಗೂ ಹೋಗುತ್ತದೆ. ಹಾಗಾಗಿ ತಮ್ಮ ಮೂವರು ಹೆಣ್ಣುಮಕ್ಕಳ ಹಕ್ಕಿಗಾಗಿ 2023ರ ಮಾರ್ಚ್ 8ರಂದು ಅಲ್ಲಿಯ ಹೊಸದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಪೆಷಲ್ ಮ್ಯಾರೇಜ್ ಆಕ್ಟ್ (ಧರ್ಮ ನೋಡದ ಸಿವಿಲ್ ಮದುವೆಯ ಕಾಯ್ದೆ) ಪ್ರಕಾರ ಮತ್ತೆ ಮದುವೆಯಾದರು. ಹಾಗೆ ಮಾಡಿದರೆ ಎಲ್ಲವೂ ಹೆಣ್ಣುಮಕ್ಕಳಿಗೇ ಎಂದು ಒಬ್ಬರು, ಹಾಗೆ ಮಾಡಿದವರು ದೀನಿನಿಂದಲೇ (ಧರ್ಮದಿಂದಲೇ) ಹೊರಗೆ ಎಂದು ಇನ್ನೊಬ್ಬರು. ಲೆಕ್ಕ ಬಿಡಿಸಿ ಹೇಳುವವರು ಕಡಿಮೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಸ್ಲಾಮೀ ಕಾನೂನಿನ ಪಂಥಗಳಲ್ಲಿ ಒಂದಾದ ಶಾಫಿಈ ಮದ್‌ಹಬಿನ ಒಬ್ಬ ಗೃಹಸ್ಥ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ವಯಸ್ಸಾದ ಉಮ್ಮ (ತಾಯಿ) ಇದ್ದಾರೆ. ಒಬ್ಬ ತಮ್ಮ, ಇಬ್ಬರು ತಂಗಿಯರು. ಆಸ್ತಿ ಎಂದರೆ 24 ಸೆಂಟ್ಸ್ ಜಾಗ ಮತ್ತು ಅದರಲ್ಲಿರುವ ಮನೆ. ಏನೂ ಬರೆದಿಡದೆ ತೀರಿಕೊಂಡರೆ ಯಾರಿಗೆ ಎಷ್ಟು? ಬದುಕಿರುವಾಗಲೇ ಮಾಡಬಹುದಾದದ್ದು ಏನು? ಎಲ್ಲಿ ಎಡವುತ್ತಾರೆ?

ಪಾಲಿನ ಲೆಕ್ಕ

ಪ್ರಶ್ನೆಯಲ್ಲಿ 24 ಸೆಂಟ್ಸ್ ಹಿಡಿದದ್ದು ಒಳ್ಳೆಯದಾಯಿತು, ಭಾಗ ಸಲೀಸಾಗಿ ಬರುತ್ತದೆ. ಮೊದಲು ಮಯ್ಯತ್ತಿನ (ಶವಸಂಸ್ಕಾರದ) ಖರ್ಚು, ಆಮೇಲೆ ಸಾಲ. ಕೊಡದೆ ಉಳಿದ ಮಹರ್ (ನಿಕಾಹಿನಲ್ಲಿ ಗಂಡ ಹೆಂಡತಿಗೆ ಕೊಡಬೇಕಾದದ್ದು) ಕೂಡ ಸಾಲವೇ. ಅದೆಲ್ಲ ಕಳೆದು ಉಳಿದದ್ದಕ್ಕೆ ಫರಾಇಝ್. ಕುರಾನಿನ ಸೂರತುನ್ನಿಸಾದ 11, 12 ಮತ್ತು 176ನೇ ಆಯತ್‌ಗಳೇ ಇದರ ಬುಡ.

ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು: 3 ಸೆಂಟ್ಸ್. ಉಮ್ಮನಿಗೆ ಆರನೇ ಒಂದು: 4 ಸೆಂಟ್ಸ್. ಗಂಡುಮಕ್ಕಳಿಲ್ಲದೆ ಇಬ್ಬರು ಅಥವಾ ಹೆಚ್ಚು ಹೆಣ್ಣುಮಕ್ಕಳಿದ್ದರೆ ಎಲ್ಲರಿಗೂ ಸೇರಿ ಮೂರರಲ್ಲಿ ಎರಡು ಪಾಲು: 16 ಸೆಂಟ್ಸ್, ತಲಾ 8. ಒಟ್ಟು 23. ಉಳಿದ 1 ಸೆಂಟ್ ಉಳಿಕೆ ಪಡೆಯುವ ಅಸಬಗಳಿಗೆ, ಎಂದರೆ ತಮ್ಮನಿಗೆ ಅರ್ಧ, ತಂಗಿಯರಿಗೆ ಕಾಲು ಕಾಲು. ಉಮ್ಮ ಮೊದಲೇ ತೀರಿಕೊಂಡಿದ್ದರೆ ಆ ಒಂದು ಸೆಂಟ್ 5 ಆಗುತ್ತದೆ: ತಮ್ಮನಿಗೆ ಎರಡೂವರೆ, ತಂಗಿಯರಿಗೆ ಒಂದೂಕಾಲು ಒಂದೂಕಾಲು.

ಇನ್ನು ಸ್ಪೆಷಲ್ ಮ್ಯಾರೇಜ್ ಆಕ್ಟ್ ಪ್ರಕಾರ ನೋಂದಾಯಿಸಿದರೆ ಅದರ 21ನೇ ಸೆಕ್ಷನ್ ಆಸ್ತಿಯನ್ನು 1925ರ ಇಂಡಿಯನ್ ಸಕ್ಸೆಶನ್ ಆಕ್ಟಿಗೆ ಒಯ್ಯುತ್ತದೆ. ಅಲ್ಲಿ ಹೆಂಡತಿಗೆ ಮೂರನೇ ಒಂದು, ಮಕ್ಕಳಿಗೆ ಮೂರರಲ್ಲಿ ಎರಡು. ಹೆಂಡತಿಗೆ 8, ಮಗಳಂದಿರಿಗೆ 8 ಮತ್ತು 8.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಬ್ಬರು ಮಗಳಂದಿರಿಗೆ ಅಲ್ಲಿಯೂ 16, ಇಲ್ಲಿಯೂ 16. ಹೆಚ್ಚಾದದ್ದು ಹೆಂಡತಿಯ ಪಾಲು, 3ರಿಂದ 8ಕ್ಕೆ. ಅವರ ಕಾಲಾನಂತರ ಅದು ಪೂರ್ತಿ ಮಗಳಂದಿರಿಗೆ ಸೇರುತ್ತದೆ, ಆ ಲಾಭ ನಿಜ. ಆದರೆ ತಮ್ಮ, ತಂಗಿಯರ 1 ಸೆಂಟ್ ಜೊತೆಗೆ ಉಮ್ಮನ 4 ಸೆಂಟ್ಸ್ ಕೂಡ ಹೋಗುತ್ತದೆ. ಹೆಂಡತಿ ಮಕ್ಕಳಿರುವಾಗ ಸಕ್ಸೆಶನ್ ಆಕ್ಟಿನಲ್ಲಿ ತಾಯಿಗೆ ಪಾಲೇ ಇಲ್ಲ. "ತಮ್ಮನಿಗೆ ಹೋಗಬಾರದು" ಎಂಬ ಗಡಿಬಿಡಿಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದೇ ಇದು.

ಒಬ್ಬಳೇ ಮಗಳಾದರೆ ವ್ಯತ್ಯಾಸ ದೊಡ್ಡದು: ಫರಾಇಝ್‌ನಲ್ಲಿ ಅರ್ಧ, 12. ಸಕ್ಸೆಶನ್ ಆಕ್ಟಿನಲ್ಲಿ 16. ಒಬ್ಬ ಮಗ, ಒಬ್ಬಳು ಮಗಳು, ಹೆಂಡತಿ ಮಾತ್ರ ಇದ್ದರೆ ಫರಾಇಝ್‌ನಲ್ಲಿ ಕ್ರಮವಾಗಿ 14, 7, 3. ಸಕ್ಸೆಶನ್ ಆಕ್ಟಿನಲ್ಲಿ ಮೂವರಿಗೂ 8.

ನೋಂದಣಿ ಕೌಂಟರ್

ನಿಕಾಹ್ ಆದವರು ಹೋಗಬೇಕಾದ್ದು 15ನೇ ಸೆಕ್ಷನ್ ದಾರಿ: ಬೇರೆ ವಿಧದಲ್ಲಿ ನಡೆದ ಮದುವೆಯ ನೋಂದಣಿ. ಇಬ್ಬರಿಗೂ 21 ತುಂಬಿರಬೇಕು, ಯಾರಿಗೂ ಇನ್ನೊಬ್ಬ ಸಂಗಾತಿ ಇರಬಾರದು, ನಿಕಾಹ್ ಆದಂದಿನಿಂದ ಗಂಡ ಹೆಂಡತಿಯಾಗಿ ಬಾಳುತ್ತಿರಬೇಕು. ಅರ್ಜಿ ಕೊಡುವ ಮೊದಲಿನ 30 ದಿನ ಇಬ್ಬರೂ ಆ ಮ್ಯಾರೇಜ್ ಆಫೀಸರ ವ್ಯಾಪ್ತಿಯಲ್ಲೇ ವಾಸವಿರಬೇಕು. ನಮ್ಮಲ್ಲಿ ಸಬ್ ರಿಜಿಸ್ಟ್ರಾರರೇ ಮ್ಯಾರೇಜ್ ಆಫೀಸರ್. ಅರ್ಜಿಯ ಮೇಲೆ ನೋಟೀಸ್ ಹಾಕಿ 30 ದಿನ ಆಕ್ಷೇಪಕ್ಕೆ ಬಿಡುತ್ತಾರೆ. ಆಮೇಲೆ ದಂಪತಿ ಮತ್ತು ಮೂವರು ಸಾಕ್ಷಿಗಳ ಸಹಿಯೊಂದಿಗೆ ಸರ್ಟಿಫಿಕೇಟ್. ಗಲ್ಫಿನಿಂದ ಒಂದು ತಿಂಗಳ ರಜೆಯಲ್ಲಿ ಬಂದವರಿಗೆ ಇದು ಮುಗಿಯುವುದಿಲ್ಲ. ಎರಡು ತಿಂಗಳ ಮೇಲೆ ಬೇಕು.

ಅರ್ಜಿ ತಿರಸ್ಕಾರವಾಗುವ ದೊಡ್ಡ ಕಾರಣ ಸಂಬಂಧ. ಮಾವನ ಮಗಳು, ಅತ್ತೆಯ ಮಗಳು, ಚಿಕ್ಕಪ್ಪನ ಮಗಳು, ಚಿಕ್ಕಮ್ಮನ ಮಗಳು, ನಾಲ್ಕೂ ಈ ಕಾಯ್ದೆಯ ನಿಷಿದ್ಧ ಪಟ್ಟಿಯಲ್ಲಿವೆ. ನಿಕಾಹ್ ಸಿಂಧು, ಆದರೆ ಈ ನೋಂದಣಿ ಆಗದು. ಕುಟುಂಬದೊಳಗೇ ಮದುವೆಯಾದವರು ಈ ದಾರಿ ಬಿಟ್ಟುಬಿಡುವುದೇ ಲೇಸು.

ಇನ್ನೊಂದು ಎಡವಟ್ಟು: ಪಂಚಾಯತಿನಲ್ಲಿ ಮಾಡಿಸಿದ ಮದುವೆ ನೋಂದಣಿ. ಅದು ಕೇರಳದ 2008ರ ಸಾಮಾನ್ಯ ನಿಯಮದ ಪ್ರಕಾರ ಕೊಡುವ ಸರ್ಟಿಫಿಕೇಟ್. ಪಾಸ್‌ಪೋರ್ಟಿಗೆ, ವೀಸಾಕ್ಕೆ ಸಾಕು. ಆಸ್ತಿಯ ಪಾಲು ಅದರಿಂದ ಒಂದು ಅಂಗುಲವೂ ಬದಲಾಗುವುದಿಲ್ಲ.

ದೀನಿನ ಪ್ರಶ್ನೆಗೆ ಕಾನೂನಿನ ಕಡೆಯ ಉತ್ತರ: 1872ರ ಹಳೆಯ ಕಾಯ್ದೆಯಲ್ಲಿ "ನಾನು ಮುಸ್ಲಿಮನಲ್ಲ" ಎಂದು ಘೋಷಿಸಬೇಕಿತ್ತು. 1954ರ ಕಾಯ್ದೆ ಅಂಥದ್ದೇನೂ ಕೇಳುವುದಿಲ್ಲ. ನಮಾಝು, ಮಹಲ್ಲು (ಮಸೀದಿಯ ಜಮಾಅತ್), ಖಬರಸ್ಥಾನ ಯಾವುದನ್ನೂ ಅದು ಮುಟ್ಟುವುದಿಲ್ಲ. ಆದರೆ ಅಂದಿನಿಂದ ತಲಾಖ್ ನಡೆಯದು, ವಿಚ್ಛೇದನ ಕೋರ್ಟಿನಲ್ಲೇ ಆಗಬೇಕು. ಮುಂದೆ ಮಕ್ಕಳ ಸ್ವಂತ ಆಸ್ತಿಗೂ ಸಕ್ಸೆಶನ್ ಆಕ್ಟೇ ಅನ್ವಯ. ಮಕ್ಕಳನ್ನು ಕೇಳದೆ ಅವರ ಪರವಾಗಿಯೂ ತೀರ್ಮಾನ ಮಾಡುತ್ತಿದ್ದೀರಿ ಎಂಬುದು ನೆನಪಿರಲಿ.

ಹಿಬಾ ಬಗ್ಗೆ

ಸ್ಪೆಷಲ್ ಮ್ಯಾರೇಜ್ ದಾರಿ ಹಿಡಿದು ಫರಾಇಝ್ ತಪ್ಪಿಸುವುದನ್ನು ಉಲಮಾಗಳು (ಧರ್ಮಪಂಡಿತರು) ಒಪ್ಪುವುದಿಲ್ಲ. ಆದರೆ ಬದುಕಿರುವಾಗ ತನ್ನದನ್ನು ಮಗಳಿಗೆ ಕೊಡುವುದನ್ನು ದೀನು ತಡೆದಿಲ್ಲ. ಮಗಳಿಗೆ ಮನೆ ಕೊಡುವುದು ಈ ಕರಾವಳಿಗೆ ಹೊಸತೂ ಅಲ್ಲ. ಗಂಡ ಹೆಂಡತಿಯ ಮನೆಗೆ ಬಂದು ಇರುವ ತರವಾಡುಗಳು ತೃಕ್ಕರಿಪುರದ ಕಡೆ ಇದ್ದೇ ಇದ್ದವು.

ಹಿಬಾಕ್ಕೆ, ಎಂದರೆ ಬದುಕಿರುವಾಗ ಕೊಡುವ ದಾನಕ್ಕೆ, ಮೂರು ಬೇಕು: ಕೊಟ್ಟೆ ಎಂಬ ಮಾತು, ಪಡೆದೆ ಎಂಬ ಒಪ್ಪಿಗೆ, ಸ್ವಾಧೀನ ಬಿಟ್ಟುಕೊಡುವುದು. ಮೂರನೆಯದರಲ್ಲೇ ಮುಗ್ಗರಿಸುವುದು. ಆಧಾರದಲ್ಲಿ (ದಸ್ತಾವೇಜಿನಲ್ಲಿ) "ನನ್ನ ಕಾಲಾನಂತರ ಮಗಳಿಗೆ" ಎಂದು ಒಂದು ಸಾಲು ಬಿದ್ದರೆ ಅದು ಹಿಬಾ ಅಲ್ಲ, ವಸಿಯತ್ (ಉಯಿಲು). ವಾರಸುದಾರಳಿಗೆ ಬರೆದ ವಸಿಯತ್ ಉಳಿದ ವಾರಸುದಾರರು ಒಪ್ಪದೆ ನಿಲ್ಲದು. ತಮ್ಮ ಒಪ್ಪುವುದಿಲ್ಲ ಎಂದೇ ತಾನೇ ಇಷ್ಟೆಲ್ಲ ಪಾಡು? ಹಾಗಾಗಿ "ಇಂದೇ, ಈಗಲೇ ಕೊಟ್ಟಿದ್ದೇನೆ, ಸ್ವಾಧೀನ ಬಿಟ್ಟಿದ್ದೇನೆ" ಎಂದು ಬರೆಯಿಸಿ. ಗ್ರಾಮ ಕಚೇರಿಯಲ್ಲಿ ಪೋಕ್ಕುವರವ್ (ಖಾತೆ ಬದಲಾವಣೆ) ಮಾಡಿಸಿ, ಭೂ ತೆರಿಗೆ ರಸೀದಿ ಮಗಳ ಹೆಸರಿನಲ್ಲಿ ಬರಲಿ. ಬಾಡಿಗೆ ಕೋಣೆ ಇದ್ದರೆ ಬಾಡಿಗೆ ಚೀಟಿಯೂ ಅವಳ ಹೆಸರಿಗೆ. ಉಪ್ಪ (ತಂದೆ) ಅದೇ ಮನೆಯಲ್ಲಿ ಮಗಳ ಜೊತೆ ಇದ್ದರೆ ತೊಂದರೆಯಿಲ್ಲ, ಕೊಟ್ಟದ್ದಕ್ಕೆ ಇಂಥ ಗುರುತುಗಳು ಇರಬೇಕು ಅಷ್ಟೆ. ಪ್ರಾಯ ತುಂಬದ ಮಗಳಾದರೆ ಉಪ್ಪನೇ ರಕ್ಷಕ, ಸ್ವಾಧೀನದ ಪ್ರಶ್ನೆ ಬರುವುದಿಲ್ಲ.

ರಿಜಿಸ್ಟ್ರಿ ಇಲ್ಲದ ಹಿಬಾ ಕೂಡ ಸಿಂಧು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೂ ರಿಜಿಸ್ಟರ್ ಮಾಡಿಸಿ, ಬಾಯಿಮಾತಿನ ಹಿಬಾ ಹಿಡಿದು ಗ್ರಾಮ ಕಚೇರಿ ಹತ್ತಿದರೆ ಕೆಲಸ ಆಗದು.

ಪಾಲಾಗದ ಜಾಗದ ಅಂಶವನ್ನು ಹಿಬಾ ಮಾಡುವುದಕ್ಕೆ ಶಾಫಿಈಯಲ್ಲಿ ಅಡ್ಡಿಯಿಲ್ಲ. ಉಪ್ಪಳದ ಕಡೆಯ ಉರ್ದು ಮನೆಗಳಂತೆ ಹನಫಿ ಮದ್‌ಹಬಿನವರಾದರೆ ಮೊದಲು ಅಳೆದು ಗಡಿ ಹಾಕಿಸಿ ಆಮೇಲೆ ಕೊಡುವುದು ಕ್ಷೇಮ.

ತಡಮಾಡಬೇಡಿ. ಮರಣರೋಗದಲ್ಲಿ ಮಾಡಿದ ಹಿಬಾಕ್ಕೆ ವಸಿಯತ್ತಿನದೇ ಕಟ್ಟುಪಾಡು. ಪೂರ್ತಿ 24 ಸೆಂಟ್ಸನ್ನೂ ಕೊಟ್ಟು ಕೈ ಖಾಲಿ ಮಾಡಿಕೊಳ್ಳುವುದೂ ಬೇಡ. ಮಗಳು ಉಪ್ಪ ಉಮ್ಮನನ್ನು ನೋಡಿಕೊಳ್ಳಬೇಕು ಎಂಬ ವಾಕ್ಯ ಆಧಾರದಲ್ಲಿದ್ದರೆ, ಅದು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಕೈಹಿಡಿಯುತ್ತದೆ.

ಕುಂಬಳೆ ಕಡವು

ತುಂಬಾ ಉಪಕಾರ. ಇನ್ನೊಂದೇ ಸಂಶಯ: ಮಗಳು ಉಪ್ಪನಿಗಿಂತ ಮೊದಲೇ ತೀರಿಕೊಂಡರೆ ಅವಳ ಮಕ್ಕಳಿಗೆ?

ಪಾಲಿನ ಲೆಕ್ಕ

ಫರಾಇಝ್‌ನಲ್ಲಿ ಆ ಮೊಮ್ಮಕ್ಕಳಿಗೆ ಇಲ್ಲಿ ಪಾಲು ಬರುವುದಿಲ್ಲ. ಸಕ್ಸೆಶನ್ ಆಕ್ಟಿನಲ್ಲಿ ತಾಯಿಯ ಪಾಲು ಅವರಿಗೆ ಬರುತ್ತದೆ. ಆದರೆ ಫರಾಇಝ್ ಪ್ರಕಾರ ಅವರು ವಾರಸುದಾರರಲ್ಲದ್ದರಿಂದಲೇ ಅವರಿಗೆ ವಸಿಯತ್ ಬರೆಯಬಹುದು. ಮೂರನೇ ಒಂದರವರೆಗೆ, ಈ ಲೆಕ್ಕದಲ್ಲಿ 8 ಸೆಂಟ್ಸ್, ಯಾರ ಒಪ್ಪಿಗೆಯೂ ಬೇಡ. ಸಾಕ್ಷಿ ಇಬ್ಬರ ಸಹಿ ಹಾಕಿಸಿ, ಸರ್ವೆ ನಂಬರ್ ಮತ್ತು ನಾಲ್ಕು ದಿಕ್ಕಿನ ಗಡಿ ಬರೆಯಿಸಿ.