ವರ್ಷದ ಕೊನೆಗೆ ಸ್ಪ್ಯಾನಿಷ್ ಕ್ಲಾಸಿನಲ್ಲಿ ಏನು ಮಾಡಿಸಿದಿರಿ? ಅನುಭವ ಹೇಳಿ

ಸರ್ಜಾಪುರ ಟೀಚರ್: ಏಳನೇ ಕ್ಲಾಸಿಗೆ ಸ್ಪ್ಯಾನಿಷ್ ಕಲಿಸುತ್ತೇನೆ. ಪರೀಕ್ಷೆ ಮುಗಿದಿದೆ, ರಜೆಗೆ ಇನ್ನೂ ಎರಡು ವಾರ ಇದೆ. ಮಕ್ಕಳು 32, ಶಾಲೆಯಿಂದ ದುಡ್ಡು ಸಿಗಲ್ಲ. ಸುಮ್ನೆ ಸಿನಿಮಾ ಹಾಕಿ ಕೂರಿಸೋಕೆ ಮನಸ್ಸಿಲ್ಲ.

ಬಣ್ಣದ ಕಾಗದ: ನಾನಂತೂ ಪಿನ್ಯಾಟ ಬಿಟ್ಟು ಬೇರೇನೂ ಮಾಡಿಸಲ್ಲ, ಅದೇ ಒಳಗೆ ಮಿಠಾಯಿ ತುಂಬಿ ತೂಗುಹಾಕಿ ಕೋಲಿನಿಂದ ಹೊಡೆದು ಒಡೆಯುವ ಕಾಗದದ ಬುಂಡೆ. ಆನ್‌ಲೈನ್‌ನಲ್ಲಿ 1,450 ರೂಪಾಯಿ ಕೇಳಿದ್ದರಿಂದ ಮಕ್ಕಳ ಕೈಯಲ್ಲೇ ಮಾಡಿಸಿದೆ. ಬಲೂನ್ ಮೇಲೆ ಹಳೇ ಪೇಪರ್, ಮೈದಾ ಅಂಟು, ಸುತ್ತ ಏಳು ಕೊಂಬು. ಕ್ರೇಪ್ ಪೇಪರ್ 240, ಚಾಕೊಲೇಟ್ 620, ಹಗ್ಗ 60, ಎಲ್ಲ ನನ್ನ ಜೇಬಿನದು. ಮೋಡ ಕವಿದರೆ ಅಂಟು ಒಣಗೋದೇ ಇಲ್ಲ, ಒಂದನ್ನು ಸ್ಟಾಫ್ ರೂಮಿನಲ್ಲಿಟ್ಟಿದ್ದಕ್ಕೆ ಇರುವೆ ಮುತ್ತಿ ಆಯಾ ಎತ್ತಿ ಎಸೆದೇಬಿಟ್ಟರು. ಆದ್ರೆ ಹೊಡೆಯುವ ದಿನ ನೋಡಬೇಕು ರೀ! ಕಣ್ಣಿಗೆ ಬಟ್ಟೆ ಕಟ್ಟಿದವನಿಗೆ ಉಳಿದವರು ಸ್ಪ್ಯಾನಿಷ್‌ನಲ್ಲೇ ದಾರಿ ಹೇಳಬೇಕು, ಅರ್ರೀಬಾ (ಮೇಲೆ), ಅಬಾಹೊ (ಕೆಳಗೆ), ಇಸ್ಕಿಯೆರ್ದಾ (ಎಡಕ್ಕೆ) ಅಂತ. ವರ್ಷವಿಡೀ ಬಾಯಿ ಬಿಡದ ಹುಡುಗಿ ಗಂಟಲು ಹರಿಯುವ ಹಾಗೆ ಕೂಗಿದಳು. ಕೋಲು ತಗುಲಿ ಟ್ಯೂಬ್‌ಲೈಟ್ ಒಡೆದಿದ್ದಕ್ಕೆ ಸಂಬಳದಲ್ಲಿ 380 ಹಿಡಿದರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಡಲ್ಲಾಸ್ ಕನ್ನಡಿಗ: ಮೇಡಂ, ಚಾಕೊಲೇಟ್ ಬಿದ್ದ ಮೇಲೆ ಯಾವ ಮಗು ಸ್ಪ್ಯಾನಿಷ್ ಮಾತಾಡುತ್ತದೆ ಹೇಳಿ? ನಾನು ಇಲ್ಲಿ ಲೊತೆರಿಯಾ ಆಡಿಸುತ್ತೇನೆ, ನಮ್ಮ ಹೌಸಿ ಥರದ್ದೇ, ಅಂಕಿ ಬದಲು ಚಿತ್ರದ ಕಾರ್ಡ್. ಅಂಗಡಿಯ 54 ಕಾರ್ಡ್ ಬೇಡ, ಆ ವರ್ಷ ಕಲಿತ ಪದಗಳಿಗೆ ಮಕ್ಕಳೇ ಚಿತ್ರ ಬಿಡಿಸುತ್ತಾರೆ, ಒಬ್ಬೊಬ್ಬರಿಗೂ 16 ಮನೆಯ ಹಾಳೆ, ಗುರುತಿಗೆ ಒಣ ಬೀನ್ಸ್ ಕಾಳು. ಕೂಗುವವರು ಪದ ಹೇಳಬಾರದು, ಒಗಟಿನ ಹಾಗೆ ಸುಳಿವು ಕೊಡಬೇಕು. ಲ್ಯಾಮಿನೇಷನ್‌ಗೆ 38 ಡಾಲರ್ ಕೈಯಿಂದ ಹಾಕಿದೆ. ಪಕ್ಕದ ಕ್ಲಾಸಿನವರು ಕೇಳದೆ ಒಯ್ದು ಅರ್ಧ ಕಳೆದರು.

ಅಡುಗೆಮನೆ ಮಿಸ್: ನಮ್ಮಲ್ಲಿ ಅಡುಗೆ. ಆಲೂಗಡ್ಡೆ, ಮೊಟ್ಟೆ ಹಾಕುವ ಸ್ಪೇನ್‌ನ ತೊರ್ತಿಯಾ ಮಾಡಿಸಿದೆ. ಆಲಿವ್ ಎಣ್ಣೆಗೇ 700 ಹೋಯಿತು. ಪೋಷಕರಿಂದ ಮೊದಲೇ ಸಹಿ ತಗೊಂಡಿದ್ದೆ, ಆದ್ರೂ ಶಾಲೆಯಲ್ಲಿ ಮೊಟ್ಟೆ ಬೇಯಿಸಿದರು ಅಂತ ದೂರು ಬಂತು, ನಾನು ಕೂತು ವಿವರಣೆ ಬರೆದುಕೊಡಬೇಕಾಯಿತು. ಮರುವರ್ಷ ಒಲೆಯೇ ಬೇಡ ಅಂತ ಗಸ್ಪಾಚೊ ಅನ್ನೋ ತಣ್ಣನೆ ಸೂಪ್ ಮಾಡಿಸಿದೆ. ಟೊಮೇಟೊ, ಸೌತೆಕಾಯಿ, ದಪ್ಪ ಮೆಣಸಿನಕಾಯಿ. ಅದಕ್ಕೆ ಬೆಳ್ಳುಳ್ಳಿ ಯಾಕೆ ಹಾಕಿದಿರಿ ಅಂತ ಇನ್ನೊಂದು ದೂರು!

ಪರೀಕ್ಷೆ ಮೇಷ್ಟ್ರು: ಇದೆಲ್ಲ ಹೊತ್ತು ಕಳೆಯೋದು. ನಾನು ಆ ಎರಡು ವಾರ ಡೆಲೆ ಅನ್ನೋ ಸ್ಪ್ಯಾನಿಷ್ ಸರ್ಟಿಫಿಕೇಟ್ ಪರೀಕ್ಷೆಯ ಮೊದಲ ಹಂತ, ಎ1 ಮೌಖಿಕದ ತಯಾರಿ ಮಾಡಿಸಿದೆ. ತನ್ನ ಪರಿಚಯ ತಾನೇ ಹೇಳಿಕೊಳ್ಳೋದು, ನಿಂತು ಮಾತಾಡೋದು. ಆ ಸರ್ಟಿಫಿಕೇಟಿಗೆ ಅವಧಿ ಮುಗಿಯೋದೇ ಇಲ್ಲ, ಮಕ್ಕಳಿಗೆ ಕೊನೆತನಕ ಬರುತ್ತದೆ. ಪಿನ್ಯಾಟ ಬರುತ್ತದಾ?

ಬಣ್ಣದ ಕಾಗದ: ಪರೀಕ್ಷೆ ಮುಗಿಸಿ ಸುಸ್ತಾದ ಮಕ್ಕಳಿಗೆ ಇನ್ನೊಂದು ಪರೀಕ್ಷೆಯಾ ಮೇಷ್ಟ್ರೇ? ನಿಮ್ಮ ಕ್ಲಾಸಿನಿಂದ ಎಂಟನೇ ತರಗತಿಗೆ ಎಷ್ಟು ಜನ ಸ್ಪ್ಯಾನಿಷ್ ಉಳಿಸಿಕೊಂಡರು, ಅದನ್ನು ಹೇಳಿ.

ಪರೀಕ್ಷೆ ಮೇಷ್ಟ್ರು: ಉಳಿದವರು ಗಟ್ಟಿಯಾಗಿದ್ದಾರೆ, ಅಷ್ಟು ಸಾಕು.

ಡಲ್ಲಾಸ್ ಕನ್ನಡಿಗ: ಇನ್ನೊಂದು ಮಾತು. ಪಿನ್ಯಾಟ, ದೊಡ್ಡ ಟೋಪಿ, ಅಂಟು ಮೀಸೆ, ಇಷ್ಟೇ ಮಾಡಿಸಿದರೆ ಮಕ್ಕಳು ಸ್ಪ್ಯಾನಿಷ್ ಅಂದ್ರೆ ಮೆಕ್ಸಿಕೋ ಅಂದುಕೊಳ್ಳುತ್ತಾರೆ. ಆಫ್ರಿಕಾದ ಈಕ್ವಟೋರಿಯಲ್ ಗಿನಿಯಲ್ಲೂ ಅದು ಅಧಿಕೃತ ಭಾಷೆ. ನನ್ನ ಕ್ಲಾಸಿನ ಮೆಕ್ಸಿಕೋ ಮಕ್ಕಳಿಗೆ ಆ ಮೀಸೆ ನೋಡಿದರೆ ಬೇಜಾರಾಗುತ್ತದೆ.

ಬಣ್ಣದ ಕಾಗದ: ಮೀಸೆ ಯಾರು ಅಂಟಿಸಿದರು ರೀ? ನಾನು ಬರೆದದ್ದನ್ನು ಓದಿ ಆಮೇಲೆ ಹೇಳಿ. ಲೊತೆರಿಯಾ ಮಾತ್ರ ಮೆಕ್ಸಿಕೋದ್ದಲ್ವಾ?

ಅಡುಗೆಮನೆ ಮಿಸ್: ನನ್ನ ಬೆಳ್ಳುಳ್ಳಿ ದೂರಿಗೆ ಯಾರಾದ್ರೂ ಉತ್ತರ ಕೊಡಿ. ಈ ವರ್ಷವೂ ಗಸ್ಪಾಚೊ ಮಾಡಿಸೋಳೇ ನಾನು.